ತಂಗಡಿ ಟೊಂಗೆಯ ಗುರುತು

ಕಂಬಳಿ ಮಳೆಯಲ್ಲಿ ನೆನೆದರೆ ಒಂದು ವಾಸನೆ ಏಳುತ್ತದೆ. ಕುರಿಯ ಮೈವಾಸನೆ, ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿಯ ವಾಸನೆ, ಮೂರು ಕಲ್ಲಿನ ಒಲೆಯ ಹೊಗೆ, ಎಲ್ಲ ಕಲೆತದ್ದು. ಹಿಡಿಸದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮುಖವನ್ನೇ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಈ ಜೂನಿನಲ್ಲಿ ಶಾಲೆ ಶುರುವಾದ ವಾರವೇ ಮಳೆ ಬಂತು. ನಾನೀಗ ಹಡಗಲಿ ತಾಲ್ಲೂಕಿನಲ್ಲಿ, ಮೈಲಾರದ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಾಸ್ತರ. ದಾಖಲಾತಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದೆ. ಹೊರಗೆ ಜಗಲಿಯಲ್ಲಿ ಯಾರೋ ನೆನೆದ ಕಂಬಳಿಯನ್ನು ಪಟ್ ಪಟ್ ಎಂದು ಕೊಡವಿದರು. ವಾಸನೆ ಒಳಗೆ ಬಂತು. ಪೆನ್ನು ಹಿಡಿದ ಕೈ ಹಾಗೇ ನಿಂತಿತು. ಕಂಬಳಿ ಕೊಡವಿದ್ದು ಯಾರು ಎಂದು ಕೊನೆಗೆ ಹೇಳುತ್ತೇನೆ. ಮೊದಲು ಹನ್ನೆರಡು ವರ್ಷದ ಹಿಂದಿನ ಬೇಸಿಗೆಯೊಂದರ ಮಾತು ಮುಗಿಯಬೇಕು. ಅದನ್ನು ನಾನು ಇವತ್ತಿನವರೆಗೆ ಯಾರ ಮುಂದೆಯೂ ಪೂರ್ತಿ ಹೇಳಿಲ್ಲ. ಹೆಂಡತಿಯ ಮುಂದೆ ಅರ್ಧ ಹೇಳಿದ್ದೇನೆ, ಅದೂ ನನಗೆ ಅನುಕೂಲವಾದ ಅರ್ಧ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಟಿ.ಸಿ.ಎಚ್. ಮುಗಿಸಿ ಕೊಟ್ಟೂರಿನಲ್ಲಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುತ್ತ ಎರಡು ವರ್ಷ ಕಳೆದಿದ್ದೆ. ಸರ್ಕಾರಿ ಮಾಸ್ತರಿಕೆಯ ಆರ್ಡರ್ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಪೋಸ್ಟ್‌ಮ್ಯಾನ್ ಮುಖ ನೋಡುವುದೇ ಒಂದು ಉದ್ಯೋಗವಾಗಿತ್ತು. ಅಷ್ಟರಲ್ಲಿ ಹರಪನಹಳ್ಳಿಯಲ್ಲಿದ್ದ ಒಂದು ಸಣ್ಣ ಸಂಸ್ಥೆಯವರು, ಶಾಲೆಗೆ ಹೋಗದ ಮಕ್ಕಳಿಗೆ ಅವರಿದ್ದಲ್ಲಿಗೇ ಹೋಗಿ ಕಲಿಸುವವರು ಬೇಕಾಗಿದ್ದಾರೆ ಎಂದರು. ಹೋದೆ. ಒಬ್ಬನಿಗೆ ಇಟ್ಟಿಗೆ ಭಟ್ಟಿಯ ಮಕ್ಕಳು ಸಿಕ್ಕರು. ನನ್ನ ಪಾಲಿಗೆ ಕುರಿ ಹಿಂಡು ಬಂತು.

ನಮ್ಮ ಮೇಲ್ವಿಚಾರಕಿ ಸರೋಜಾ ಮೇಡಂ ಮೊದಲ ದಿನವೇ ಹೇಳಿದರು: "ನೋಡು ಕೊಟ್ರೇಶ, ಈ ಮಂದಿ ಸುಗ್ಗಿ ಮುಗೀತಂದ್ರ ಹಿಂಡು ಹೊಡಕೊಂಡು ಹೊಳಿ ಕಡಿ ಹೋಗ್ತಾರ. ಮಕ್ಕಳು ಒಂದು ಊರಾಗ ನಿಂದರಂಗಿಲ್ಲ. ಅವರು ಶಾಲಿಗೆ ಬರಾಕ ಆಗಲ್ಲಂದ್ರ ಶಾಲಿನೇ ಅವರ ಹಿಂದ ಹೋಗ್ಲಿ."

ಶಾಲೆ ಅಂದರೆ ನಾನು. ಕಪ್ಪು ಬಣ್ಣ ಬಳಿದ ಒಂದು ಬಟ್ಟೆ, ಅದನ್ನು ಸುತ್ತಲು ಒಂದು ಕೋಲು, ಒಂದು ಡಬ್ಬಿ ಸುಣ್ಣದ ಕಡ್ಡಿ, ಹಾಜರಿ ಪುಸ್ತಕ. ಹರಪನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಬೆಳಿಗ್ಗೆ ಬಸ್ಸು ಹಿಡಿದು, ಹಿಂಡು ಇದ್ದ ಕಡೆ ಇಳಿದು, ಹೊಲದ ಬದುವಿನ ಮೇಲೆ ನಡೆದು ಹೋಗುತ್ತಿದ್ದೆ. ಪಾಠ ಮಧ್ಯಾಹ್ನ. ಯಾಕೆಂದರೆ ಬಿಸಿಲು ನೆತ್ತಿಗೇರಿದಾಗ ಕುರಿಗಳು ಮೇಯುವುದಿಲ್ಲ. ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ಗುಂಪಾಗಿ ನಿಂತುಬಿಡುತ್ತವೆ. ಆ ಎರಡು ತಾಸು ಮಕ್ಕಳಿಗೆ ಬಿಡುವು. ಜಾಲಿ ಮರಕ್ಕೆ ಬೋರ್ಡು ತೂಗುಹಾಕುವುದು, ಎಂಟು ಮಕ್ಕಳನ್ನು ಕೂರಿಸಿಕೊಳ್ಳುವುದು. ಗಾಳಿ ಬೀಸಿದರೆ 'ಅ' ಬರೆದದ್ದು ಹಿಂದಕ್ಕೆ ಮಗುಚಿಕೊಳ್ಳುತ್ತಿತ್ತು. ಒಬ್ಬರು ಬೋರ್ಡಿನ ತುದಿ ಹಿಡಿದುಕೊಂಡೇ ನಿಲ್ಲಬೇಕು.

ಹೆಚ್ಚಾಗಿ ಹಿಡಿದುಕೊಂಡು ನಿಲ್ಲುತ್ತಿದ್ದವಳು ಮಾಳವ್ವ. ಹನ್ನೊಂದು ವರ್ಷದ ಹುಡುಗಿ. ಅಪ್ಪ ಅವ್ವ ಇರಲಿಲ್ಲ; ಹಿಂಡಿನ ಯಜಮಾನ ಗುಡ್ಡಪ್ಪಜ್ಜನ ಮೊಮ್ಮಗಳು. ಮರಿಗಳ ಉಸ್ತುವಾರಿ ಅವಳದು. ಸಂಜೆ ಹಿಂಡು ಬಂದಾಗ ನೂರಾರು ತಾಯಿ ಕುರಿಗಳ ನಡುವೆ ಯಾವ ಮರಿ ಯಾವ ತಾಯಿಯದು ಎಂದು ನೋಡಿ ಮೊಲೆಗೆ ಬಿಡುವುದು. ನನಗೆ ಎಲ್ಲ ಕುರಿಯೂ ಒಂದೇ. ಅವಳಿಗೆ ಎಲ್ಲದರ ಮುಖವೂ ಬೇರೆ. ಅಕ್ಷರವನ್ನೂ ಅವಳು ಹಾಗೇ ಕಲಿತಳು.

"ಇದಕ್ಕೂ ಮಾರಿ ಐತ್ರಿ ಸಾರ್," ಎಂದಳು ಒಂದು ದಿನ 'ಮ' ತೋರಿಸಿ. "ಒಂದು ಸಲ ನೋಡಿದ್ರ ಸಾಕು, ಮತ್ತ ಮರೆಯಂಗಿಲ್ಲ."

ನಿಜಕ್ಕೂ ಮರೆಯಲಿಲ್ಲ. ಬೇರೆ ಮಕ್ಕಳು ಕಾಗುಣಿತದ ಕೆಸರಿನಲ್ಲಿ ಹೂತುಕೊಂಡಿದ್ದಾಗ ಇವಳು ನಾನು ರೊಟ್ಟಿ ಕಟ್ಟಿಕೊಂಡು ಬಂದ ಹಳೇ ಪೇಪರ್ ತುಂಡನ್ನು ಬಿಡಿಸಿ ಬಿಡಿಸಿ ಓದುತ್ತಿದ್ದಳು. ಎರಡೂವರೆ ತಿಂಗಳಲ್ಲಿ. ನಾನು ಒಳ್ಳೆಯ ಮಾಸ್ತರನೋ ಅಲ್ಲವೋ, ಆ ಹುಡುಗಿಯಿಂದಾಗಿ ಕೆಲವು ದಿನ ನನಗೆ ಹಾಗೆ ಅನ್ನಿಸಿತ್ತು.

ಅವಳು ನನಗೂ ಒಂದು ಓದು ಕಲಿಸಿದಳು. ಶುರುವಿನಲ್ಲಿ ಒಂದು ದಿನ ನಾನು ಹೋಗುವಷ್ಟರಲ್ಲಿ ಹಿಂಡು ಎದ್ದುಹೋಗಿತ್ತು. ರೈತರು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಸಾಕು ಎಂದ ದಿನ ಎಬ್ಬಿಸುತ್ತಾರೆ, ಮುನ್ಸೂಚನೆ ಇರುವುದಿಲ್ಲ. ನಾನು ಬೋರ್ಡು ಹೆಗಲಿಗೇರಿಸಿಕೊಂಡು ದಾರಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ "ಕುರಿ ನೋಡಿದ್ರೇನ್ರಿ" ಎಂದು ಕೇಳುತ್ತ ಸಂಜೆವರೆಗೆ ಅಲೆದೆ. ಒಬ್ಬ ಗೌಡರು, "ಕುರಿ ಕಳಕೊಂಡೀರೋ, ಕುರುಬರನ್ನ ಕಳಕೊಂಡೀರೋ?" ಎಂದು ನಕ್ಕರು. ಮರುದಿನ ಸಿಕ್ಕಾಗ ಮಾಳವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಗುರ್ತು ಇಟ್ಟಿದ್ವೆಲ್ರೀ ಸಾರ್. ಓದಾಕ ಬರಂಗಿಲ್ಲೇನು ನಿಮಗ?"

ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ದಾರಿ ಕವಲೊಡೆಯುವಲ್ಲಿ ಒಂದು ತಂಗಡಿ ಟೊಂಗೆ, ಅದರ ಬುಡದ ಮೇಲೆ ಕಲ್ಲು. ಎಲೆಯ ತುದಿ ಯಾವ ಕಡೆಗೋ ಹಿಂಡು ಆ ಕಡೆ. ಒಂದು ಕಲ್ಲಿದ್ದರೆ ಹತ್ತಿರ, ಎರಡಿದ್ದರೆ ಒಪ್ಪತ್ತಿನ ದಾರಿ. ಹಿಂದೆ ಉಳಿದವರಿಗೆ, ಊರಿನಿಂದ ಬುತ್ತಿ ತರುವವರಿಗೆ ಅವರು ಹೀಗೆ ತಿಳಿಸುತ್ತಾರಂತೆ.

"ತಂಗಡಿನೇ ಯಾಕ?" ಎಂದು ಕೇಳಿದೆ.

"ಬ್ಯಾರೆ ಸೊಪ್ಪು ಇಟ್ರ ಹಿಂದ ಬರೋ ಕುರಿ ತಿಂದುಬಿಡ್ತಾವಲ್ರೀ. ತಂಗಡಿ ಮುಟ್ಟಂಗಿಲ್ಲ." ಇಷ್ಟೂ ಗೊತ್ತಿಲ್ಲದವನು ಮಾಸ್ತರ ಹೇಗಾದ ಎಂಬಂತೆ ನನ್ನನ್ನು ನೋಡಿದಳು. ಅಲ್ಲಿಂದ ಮುಂದೆ ನಾನು ದಾರಿ ತಪ್ಪಲಿಲ್ಲ. ಹಳದಿ ಹೂವಿನ ಆ ಗಿಡ ಕಂಡರೆ ಸಾಕು, ಕಣ್ಣು ತಾನಾಗಿ ಅದರ ಬುಡದಲ್ಲಿ ಕಲ್ಲು ಹುಡುಕುತ್ತಿತ್ತು.

ಈಗ ನಾಚಿಕೆಯ ಭಾಗ. ಅದು ಮುಂದೆ ಹೇಳಲಿರುವ ಪರೀಕ್ಷೆಯ ದಿನ ಶುರುವಾದದ್ದಲ್ಲ, ಅದಕ್ಕೂ ಒಂದು ತಿಂಗಳು ಮೊದಲು.

ಹರಪನಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಶಿವಣ್ಣನವರ ಮಗಳು ಗಿರಿಜಾಳನ್ನು ನನಗೆ ಕೇಳಿದ್ದರು. ನೋಡಲು ಹೋದೆವು. ಉಪ್ಪಿಟ್ಟು ತಿನ್ನುವಾಗ ಶಿವಣ್ಣನವರು, "ಹುಡುಗ ಏನ್ ಮಾಡ್ತಾನ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಸೋದರಮಾವ, "ಶಿಕ್ಷಣದ ಪ್ರಾಜೆಕ್ಟ್‌ನ್ಯಾಗ ಆಫೀಸರ್ ಅದಾನ್ರಿ. ಹಳ್ಳಿ ಹಳ್ಳಿ ಶಾಲಿ ತಪಾಸಣಿ ಇವಂದ," ಎಂದುಬಿಟ್ಟ. ನಾನು ಉಪ್ಪಿಟ್ಟಿನ ತಟ್ಟೆ ನೋಡುತ್ತ ಕೂತೆ. ಇಲ್ಲ ಎನ್ನಬಹುದಿತ್ತು. ಗಂಟಲಿನವರೆಗೆ ಬಂದಿತ್ತು. ಬಾಗಿಲ ಮರೆಯಲ್ಲಿ ಗಿರಿಜಾಳ ಸೀರೆ ಅಂಚು ಕಂಡಿತು, ಅಲ್ಲೇ ನುಂಗಿಕೊಂಡೆ.

ಅಂದಿನಿಂದ ನನ್ನ ನಡೆಯೇ ಬೇರೆಯಾಯಿತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ಸು ಹತ್ತುವುದು, ಹಿಂಡಿನ ಹತ್ತಿರ ಹೋಗಿ ಹಳೇದು ಹಾಕಿಕೊಳ್ಳುವುದು. ವಾಪಸು ಬರುವಾಗ ಚಪ್ಪಲಿಗೆ ಮೆತ್ತಿದ ಕುರಿ ಹಿಕ್ಕೆಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ತೆಗೆಯುವುದು. ಶಿವಣ್ಣನವರ ಅಂಗಡಿ ಇದ್ದ ಬೀದಿ ಬಿಟ್ಟು ಸಂದಿಯಲ್ಲಿ ತೂರಿ ಕೋಣೆ ಸೇರುವುದು. ಬೋರ್ಡಿನ ಸುರುಳಿಯನ್ನು ಪೇಪರಿನಲ್ಲಿ ಸುತ್ತಿಕೊಳ್ಳುತ್ತಿದ್ದೆ, ನಕಾಶೆಯಂತೆ ಕಾಣಲಿ ಎಂದು! ನಗು ಬಂದರೆ ನಗಿ. ನನಗೆ ಬರುವುದಿಲ್ಲ.

ಏಪ್ರಿಲ್ ಕೊನೆಯಲ್ಲಿ ಸರೋಜಾ ಮೇಡಂ ಒಂದು ಸುದ್ದಿ ತಂದರು. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗಾಗಿ ಊಟ ವಸತಿ ಎಲ್ಲ ಕೊಡುವ ಒಂದು ಶಾಲೆಯಲ್ಲಿ ಕೆಲವೇ ಜಾಗ ಖಾಲಿ ಇದ್ದವು. ಹರಪನಹಳ್ಳಿಯಲ್ಲಿ ಒಂದು ಬೆಳಿಗ್ಗೆ ಪರೀಕ್ಷೆ. ಪಾಸಾದವರು ನೇರ ಐದನೇ ಇಯತ್ತೆಗೆ. "ನಿನ್ನ ಮಾಳವ್ವ ಬರೀತಾಳ. ಅವರ ಮನಿಯವರನ್ನ ಒಪ್ಪಿಸು," ಎಂದರು.

ಗುಡ್ಡಪ್ಪಜ್ಜನನ್ನು ಒಪ್ಪಿಸಲು ನನಗೆ ಎಂಟು ದಿನ ಹಿಡಿಯಿತು. ಮೊದಲ ದಿನ ಅವನು ಮಾತೇ ಆಡಲಿಲ್ಲ. ಎರಡನೆಯ ದಿನ, "ಮರಿ ಯಾರು ನೋಡಬೇಕು?" ಎಂದ. ಮೂರನೆಯ ದಿನ, "ನಾವು ಒಂದು ಕಡಿ, ಕೂಸು ಒಂದು ಕಡಿ. ಜ್ವರ ಬಂದ್ರ ನಮಗ ಯಾರು ಹೇಳ್ತಾರ?" ಎಂದ. ನಾನೇ ಹೇಳುತ್ತೇನೆ ಎಂದೆ. ಹಿಂಡು ಎಲ್ಲಿದ್ದರೂ ಹುಡುಕಿಕೊಂಡು ಬಂದು ಹೇಳುತ್ತೇನೆ, ತಂಗಡಿ ಗುರುತು ಓದಲು ನನಗೀಗ ಬರುತ್ತದಲ್ಲ ಎಂದೆ. ಅಜ್ಜ ನಕ್ಕ. ಎಂಟನೆಯ ದಿನ ಹೋದಾಗ ಅವನ ಪಕ್ಕದಲ್ಲಿ ಹೊಸ ಕಂಬಳಿಯೊಂದು ಮಡಚಿ ಇಟ್ಟಿತ್ತು. ತನಗೆಂದು ನೇಯಿಸಿಕೊಂಡಿದ್ದನಂತೆ.

"ಹಾಸ್ಟೆಲ್ಲಿನ್ಯಾಗ ಥಂಡಿ ಇರತೈತಂತ. ಇದು ಹೊದ್ದುಕೊಳ್ಳಲಿ," ಎಂದ. "ಸಾರ್, ನಿಮ್ಮ ಕೈಯಾಗ ಕೊಡಾಕತ್ತೇನಿ. ನೀವು ಬಂದು ಕರಕೊಂಡು ಹೋದ್ರಷ್ಟ ಕಳಸ್ತೀನಿ. ಬ್ಯಾರೆಯವರ ಕೂಡ ಕಳಸಂಗಿಲ್ಲ."

"ನಾನೇ ಬರತೀನಿ ಅಜ್ಜ," ಎಂದೆ. ಹಿಂಡು ಆಗ ಹರಪನಹಳ್ಳಿಯಿಂದ ಹೊಳೆ ಕಡೆ ಹೋಗುವ ರಸ್ತೆಯಲ್ಲಿ, ಬಾಗಳಿ ಕಡೆ ತಿರುಗುವ ಕ್ರಾಸಿನ ಹತ್ತಿರ ಇತ್ತು. ಅಲ್ಲಿ ಮನೆ ಮಠ ಏನೂ ಇಲ್ಲ, ಒಂದು ಮೈಲಿಗಲ್ಲು, ಒಂದು ಬೇವಿನ ಮರ. ಬೆಳಿಗ್ಗೆ ಹಲವಾಗಲಿಗೆ ಹೋಗುವ ಬಸ್ಸಿನಲ್ಲಿ ನಾನು ಬಂದು ಇಳಿಯುವುದು, ಎದುರು ಬರುವ ಬಸ್ಸಿಗೆ ಅವಳನ್ನು ಹತ್ತಿಸಿಕೊಂಡು ಹರಪನಹಳ್ಳಿಗೆ ಹೋಗುವುದು. ಅಭ್ಯಾಸ ಮಾಡಿಕೊ ಎಂದು ಮಾಳವ್ವನ ಕೈಗೆ ಹೊಸ ಸುಣ್ಣದ ಕಡ್ಡಿಯೊಂದನ್ನು ಕೊಟ್ಟು ಬಂದೆ.

ಆ ಬೆಳಿಗ್ಗೆ ನಾನು ಬಸ್ಸು ಹತ್ತಿದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ಪರವಾಗಿ ಹೇಳಲು ಇರುವುದು ಇದೊಂದೇ. ಹತ್ತಿದೆ, ಕಿಟಕಿ ಪಕ್ಕ ಕೂತೆ, ಕ್ರಾಸಿಗೆ ಟಿಕೆಟ್ಟನ್ನೂ ತೆಗೆದುಕೊಂಡೆ. ಬಸ್ಸು ಹೊರಡಬೇಕು ಎನ್ನುವಾಗ ಯಾರೋ ಉಸ್ಸಪ್ಪಾ ಎಂದು ಪಕ್ಕದಲ್ಲಿ ಬಂದು ಕೂತರು. ಶಿವಣ್ಣನವರು.

"ಓಹೋ, ಆಫೀಸರ್ರು! ಎಲ್ಲಿಗೆ ಹೊಂಟೀರಿ ಮುಂಜಾನಿ ಮುಂಜಾನಿ?"

"ಇಲ್ಲೇ…" ಎಂದೆ. "ಹಲವಾಗಲಿಗೆ. ಶಾಲಿ ತಪಾಸಣಿ ಐತಿ."

"ಭಾಳ ಚಲೋ ಆತು! ನಂದೂ ಅಲ್ಲೇ, ನಮ್ಮ ಬೀಗರ ಮನ್ಯಾಗ ಕಾರ್ಯ. ಜೊತಿಗೆ ಮಾತಾಡ್ಕೋತ ಹೋಗೂಣು."

ಟಿಕೆಟ್ಟನ್ನು ಅಂಗೈಯಲ್ಲಿ ಮುದುರಿದೆ. ಬೇಸಿಗೆ ರಜೆಯಲ್ಲಿ ಯಾವ ಶಾಲೆಯ ತಪಾಸಣೆ ಎಂದು ಅವರು ಕೇಳಲಿಲ್ಲ, ದೊಡ್ಡವರು. ಮುಂಗಾರಿನ ಬಗ್ಗೆ, ಸೂರ್ಯಕಾಂತಿ ಬೀಜದ ಬಗ್ಗೆ ಮಾತಾಡುತ್ತ ಹೋದರು. ನಾನು ಹೂಂ ಎನ್ನುತ್ತಿದ್ದೆ. ಕ್ರಾಸು ಹತ್ತಿರವಾದಂತೆಲ್ಲ ಲೆಕ್ಕ ಹಾಕಿದೆ. ಇಳಿದರೆ ಕೇಳುತ್ತಾರೆ: ಇಲ್ಲಿ ಯಾವ ಶಾಲೆ? ಏನು ಹೇಳಲಿ? ಹೊಲದಲ್ಲಿ ಹಿಂಡು ಕಾಣುತ್ತದೆ, ಹುಡುಗಿ ಓಡಿಬಂದು ಸಾರ್ ಎನ್ನುತ್ತಾಳೆ, ಎಲ್ಲ ಬಯಲಾಗುತ್ತದೆ.

ಕ್ರಾಸಿನಲ್ಲಿ ಬಸ್ಸು ನಿಂತಿತು. ಯಾರೋ ಮೂಟೆ ಇಳಿಸಿಕೊಳ್ಳುವವರಿದ್ದರು. ಮಾಳವ್ವ ಬೇವಿನ ಮರದ ಕೆಳಗೆ ನಿಂತಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದರು. ಎಲ್ಲಿಂದಲೋ ತಂದ ನೀಲಿ ಲಂಗ, ಸ್ವಲ್ಪ ಉದ್ದವಾಗಿತ್ತು. ಬಗಲಲ್ಲಿ ಮಡಚಿದ ಕಂಬಳಿ. ಬಾಗಿಲಲ್ಲಿ ನಾನು ಇಳಿಯದ್ದನ್ನು ನೋಡಿ ಅವಳು ಬಸ್ಸಿನ ಉದ್ದಕ್ಕೂ ಒಂದೊಂದೇ ಕಿಟಕಿ ನೋಡುತ್ತ ಬಂದಳು, ಸಂಜೆ ಹಿಂಡಿನಲ್ಲಿ ತಾಯಿ ಕುರಿಯ ಮುಖ ಹುಡುಕುತ್ತಿದ್ದ ಹಾಗೇ. ನನ್ನ ಕಿಟಕಿಗೆ ಇನ್ನೆರಡು ಕಿಟಕಿ ಇತ್ತು.

ನಾನು ಬಗ್ಗಿದೆ. ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವನ ಹಾಗೆ ಸೀಟಿನ ಕೆಳಗೆ ತಲೆ ಹಾಕಿದೆ. ಪಟ್ಟಿಗೆ ಏನೂ ಆಗಿರಲಿಲ್ಲ. ಬಸ್ಸು ಹೊರಡುವವರೆಗೆ ಹಾಗೇ ಇದ್ದೆ. ಮೇಲೆ ಕಿಟಕಿಯಿಂದ ಹೊಸ ಕಂಬಳಿಯ ವಾಸನೆ ಬಂದುಹೋಯಿತು.

"ಏನಾತು?" ಎಂದರು ಶಿವಣ್ಣನವರು.

"ಚಪ್ಲಿ ಕಿತ್ತಿತ್ತು," ಎಂದೆ.

ಹಲವಾಗಲಿನಲ್ಲಿ ಅವರನ್ನು ಬೀಳ್ಕೊಟ್ಟು, ಬೀಗ ಹಾಕಿದ ಒಂದು ಶಾಲೆಯ ಹಿಂದೆ ಹೋಗಿ ಕೂತೆ. ತಕ್ಷಣ ವಾಪಸು ಬಸ್ಸು ಇರಲಿಲ್ಲ. ಇದ್ದಿದ್ದರೆ ಹೋಗುತ್ತಿದ್ದೆನೇ? ಹೌದು ಎಂದು ಬಹಳ ದಿನ ಹೇಳಿಕೊಂಡಿದ್ದೆ. ಹೊಳೆ ಬತ್ತಿ ಮರಳು ಬಿಳುಚಿಕೊಂಡಿತ್ತು. ಪರೀಕ್ಷೆ ಶುರುವಾಗುವ ಹೊತ್ತು ಬಂತು, ದಾಟಿತು. ಮಧ್ಯಾಹ್ನದ ಬಸ್ಸಿನಲ್ಲಿ ವಾಪಸಾಗುವಾಗ ಕ್ರಾಸು ಕಾಣದಂತೆ ಮುಖ ತಿರುಗಿಸಿ ಆಚೆ ಕಡೆಯ ಸೀಟಿನಲ್ಲಿ ಕೂತಿದ್ದೆ.

ಸಂಜೆ ಸರೋಜಾ ಮೇಡಂ ಕೇಳಿದರು. "ಆ ಹುಡುಗಿ ಎಲ್ಲಿ? ನಾ ಗೇಟಿನ ಮುಂದ ನಿಂತಿದ್ದೆ."

"ಕ್ರಾಸಿನ್ಯಾಗ ಯಾರೂ ಇರಲಿಲ್ಲ ಮೇಡಂ. ಹಿಂಡು ಎದ್ದು ಹೋಗೇತಿ ಕಾಣಸ್ತೈತಿ."

ಅವರ ಮುಖ ಸಣ್ಣದಾಯಿತು. ಆದರೆ ಅಷ್ಟಕ್ಕೇ ಬಿಡುವ ಹೆಂಗಸಲ್ಲ. ಮರುದಿನವೇ ಯಾರ್ಯಾರನ್ನೋ ಕಂಡು, ಬರಲಾಗದ ಎರಡು ಮೂರು ಮಕ್ಕಳಿಗೆ ಸೋಮವಾರ ಇನ್ನೊಮ್ಮೆ ಪರೀಕ್ಷೆ ಕೊಡಿಸಲು ಒಪ್ಪಿಸಿಕೊಂಡು ಬಂದರು. "ಹೋಗು, ಹುಡುಕಿ ಕರಕೊಂಡು ಬಾ. ನಿನಗ ಅವರ ಗುರ್ತು ಗೊತ್ತಲ್ಲ," ಎಂದರು.

ದೇವರು ಇದ್ದಾನೆ ಎಂದುಕೊಂಡು ಹೋದೆ. ಮಾಡಿದ ತಪ್ಪನ್ನು ಸರಿಪಡಿಸಿಬಿಡುತ್ತೇನೆ ಎಂದು ನಿಜವಾಗಿಯೂ ಖುಷಿಯಲ್ಲಿದ್ದೆ. ಕ್ರಾಸಿನಲ್ಲಿ ಇಳಿದರೆ ಹಿಂಡು ಕೂತಿದ್ದ ಹೊಲವನ್ನು ಆಗಲೇ ರಂಟೆ ಹೊಡೆದು ಉತ್ತಿದ್ದರು. ನಾನು ಸುಳ್ಳೆಂದು ಹೇಳಿದ ಮಾತು ನಿಜವಾಗಿತ್ತು, ಹಿಂಡು ಎದ್ದುಹೋಗಿತ್ತು. ಮೈಲಿಗಲ್ಲಿನ ಬುಡದಲ್ಲಿ ತಂಗಡಿ ಟೊಂಗೆ, ಎಲೆ ಬಾಡಿದ್ದವು, ತುದಿ ಹೊಳೆಯ ಕಡೆಗೆ. ಮೇಲೆ ಎರಡು ಕಲ್ಲು. ಮತ್ತು ಮೈಲಿಗಲ್ಲಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು:

'ಸಾರ್ ಹೊಲದವರು ಎಬ್ಬಿಸಿದರು. ಹೊಳಿ ಕಡಿ ಹೋಗತೀವಿ. ಬರ್ರಿ. ಮಾಳವ್ವ.'

ನಾನು ಬೋರ್ಡಿನ ಮೇಲೆ ಬರೆಸಿದ್ದನ್ನು ಬಿಟ್ಟು ಅವಳು ತಾನಾಗಿ ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾಸ್ತರನಾದವನಿಗೆ ಇದಕ್ಕಿಂತ ಏನು ಬೇಕು? ಕಲ್ಲನ್ನು ಮುಟ್ಟಿ ನೋಡಿದೆ.

ಮುಂದಿನ ಕವಲಿನಲ್ಲಿ ಒಂದು ಬಂಡೆ. ಅಲ್ಲೂ ಟೊಂಗೆ, ಕಲ್ಲು, 'ಸಾರ್ ಈ ಕಡಿ.' ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಡೆದೆ. ಮೂರನೆಯದು ಹಳ್ಳದ ಸೇತುವೆಯ ಕಟ್ಟೆಯ ಮೇಲಿತ್ತು. ಸುಣ್ಣದ ಕಡ್ಡಿ ಮುಗಿಯುತ್ತ ಬಂದಿರಬೇಕು, ಅಕ್ಷರ ತೆಳ್ಳಗಿದ್ದವು. 'ಇಲ್ಲೇ ಹೊಳಿ ದಂಡಿಗೆ ಅದೀವಿ.' ಟೊಂಗೆಯ ಮೇಲೆ ಒಂದೇ ಕಲ್ಲು. ಹತ್ತಿರ. ನಾಯಿ ಬೊಗಳುವುದು ಕೇಳುತ್ತಿತ್ತು, ಮರಿಗಳ ಕೂಗೂ.

ಅಲ್ಲಿ ನನ್ನ ಕಾಲು ನಿಂತಿತು. ಸೋಮವಾರ ಇವಳನ್ನು ಕರೆದುಕೊಂಡು ಹೋದರೆ ಸರೋಜಾ ಮೇಡಂ ಇವಳನ್ನು ಕೇಳಿಯೇ ಕೇಳುತ್ತಾರೆ: ಅವತ್ತು ಯಾಕ ಬರಲಿಲ್ಲ? ಇವಳು ಹೇಳುತ್ತಾಳೆ: ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದೆ, ಬಸ್ಸು ಬಂತು, ಎಲ್ಲ ಕಿಟಕಿ ನೋಡಿದೆ, ಸಾರ್ ಇರಲಿಲ್ಲ. ಆಮೇಲೆ ಮೇಡಂ ನನ್ನ ಕಡೆ ತಿರುಗುತ್ತಾರೆ. ಆ ಒಂದು ನೋಟಕ್ಕೆ ಹೆದರಿದೆ. ಕೆಲಸ ಹೋಗುತ್ತದೆಂದಲ್ಲ, ಏಟು ಬೀಳುತ್ತದೆಂದಲ್ಲ. ಬರೀ ಒಂದು ನೋಟಕ್ಕೆ.

ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಆ ಅಕ್ಷರ ಒರೆಸಿದೆ. ಬೇರೆ ಯಾರಾದರೂ ಹುಡುಕಿಕೊಂಡು ಬಂದರೆ ಸಿಗಬಾರದಲ್ಲ! ಟೊಂಗೆಯನ್ನು ಹಳ್ಳಕ್ಕೆ ಒದ್ದೆ. ವಾಪಸು ಬರುತ್ತ ಬಂಡೆಯ ಮೇಲಿನದನ್ನೂ ಒರೆಸಿದೆ, ಮೈಲಿಗಲ್ಲಿನದನ್ನೂ ಒರೆಸಿದೆ. ಛೀ, ಎಂಥ ಮಾಸ್ತರ! ಕಲಿಸಿದ ಕೈಯಲ್ಲೇ ಅಳಿಸಿ ಬಂದೆ.

"ಸಿಕ್ಕರು ಮೇಡಂ," ಎಂದೆ ಸಂಜೆ. "ಅವರಜ್ಜ ಒಲ್ಲೆ ಅಂದ. ಮರಿ ನೋಡೋರು ಇಲ್ಲಂತ."

"ಒಪ್ಪಿದ್ನಲ್ಲೋ ಮೊದಲು!"

"ಮುದುಕ್ರು ಮೇಡಂ. ಒಂದು ದಿನ ಹೂಂ ಅಂತಾರ, ಒಂದು ದಿನ ಊಹೂಂ ಅಂತಾರ."

ತನಗೆಂದು ನೇಯಿಸಿಕೊಂಡ ಕಂಬಳಿಯನ್ನೇ ಕೊಟ್ಟ ಮನುಷ್ಯನ ಮೇಲೆ ಹೀಗೆ ಹೊರಿಸಿದೆ. ಮೇಡಂ ಪಟ್ಟಿಯಲ್ಲಿ ಮಾಳವ್ವನ ಹೆಸರಿನ ಮುಂದೆ 'ಗೈರುಹಾಜರು, ಪೋಷಕರ ಅಸಮ್ಮತಿ' ಎಂದು ಬರೆಯಲು ಹೇಳಿದರು. ನನ್ನ ಕೈಯಲ್ಲೇ ಬರೆದೆ. ಕೈ ನಡುಗಿತು ಎಂದರೆ ಚೆನ್ನಾಗಿರುತ್ತದೆ. ನಡುಗಲಿಲ್ಲ, ಅಕ್ಷರ ದುಂಡಗೇ ಬಂದಿದ್ದವು.

ಮತ್ತೆ ಆ ಹಿಂಡಿನ ಕಡೆ ಹೋಗಲಿಲ್ಲ. ಬಿಸಿಲು ತಡೆಯುವುದಿಲ್ಲ ಎಂದು ಹೇಳಿ ಇಟ್ಟಿಗೆ ಭಟ್ಟಿಯ ಮಕ್ಕಳ ಕಡೆಗೆ ಬದಲಾಯಿಸಿಕೊಂಡೆ. ಹಿಂಡಿಗೆ ಬೇರೆ ಯಾರನ್ನೂ ಕಳಿಸಲಾಗಲಿಲ್ಲ. ಉಳಿದ ಏಳು ಮಕ್ಕಳ ಶಾಲೆಯೂ ಅಲ್ಲಿಗೆ ಮುಗಿಯಿತು. ಮಳೆಗಾಲಕ್ಕೆ ನನ್ನ ಆರ್ಡರ್ ಬಂತು, ಕಾರ್ತೀಕದಲ್ಲಿ ಗಿರಿಜಾಳ ಜೊತೆ ಮದುವೆಯಾಯಿತು. ಮದುವೆಯಾದ ಮೇಲೆ ಒಂದು ದಿನ ಮಾತಿಗೆ ಮಾತು ಬಂದು, ನಾನು ಆಫೀಸರ್ ಆಗಿರಲಿಲ್ಲ, ಕುರಿ ಹಿಂಡಿನ ಮಕ್ಕಳಿಗೆ ಪಾಠ ಹೇಳುತ್ತಿದ್ದೆ ಎಂದು ಮಾವ ಶಿವಣ್ಣನವರ ಮುಂದೆ ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ.

"ಅಯ್ಯೋ ಹುಚ್ಚಪ್ಪ! ಅಷ್ಟು ಚಲೋ ಕೆಲಸ, ಯಾಕ ಮುಚ್ಚಿಟ್ಟಿದ್ದಿ?" ಎಂದರು. "ನಮ್ಮ ಹೊಲದಾಗೂ ವರ್ಷ ವರ್ಷ ಅವರದ ಕುರಿ ನಿಂದರತಾವ."

ಅವತ್ತು ಅರ್ಧ ಊಟಕ್ಕೇ ಎದ್ದೆ.

ಈ ಜೂನಿಗೆ ಬರುತ್ತೇನೆ. ಜಗಲಿಯಲ್ಲಿ ಕಂಬಳಿ ಕೊಡವಿದ ಹೆಂಗಸು ಐದಾರು ವರ್ಷದ ಒಂದು ಹೆಣ್ಣುಮಗುವನ್ನು ಮುಂದೆ ಮಾಡಿಕೊಂಡು ಒಳಗೆ ಬಂದಳು. "ಒಂದನೆತ್ತಿಗೆ ಹಾಕಬೇಕಿತ್ರಿ," ಎಂದಳು. ನಾನು ತಲೆ ಎತ್ತಿದೆ. ಮುಖ ನನಗೆ ಗುರುತು ಸಿಗಲಿಲ್ಲ. ಅವಳಿಗೆ ಸಿಕ್ಕಿತು.

"ಸಾರ್! ಕೊಟ್ರೇಶ ಸಾರ್ ಅಲ್ಲೇನ್ರಿ? ನಾನ್ರಿ, ಮಾಳವ್ವ. ಮರಿ ನೋಡ್ತಿದ್ದ ಮಾಳವ್ವ!"

ಕುರ್ಚಿಯಿಂದ ಎದ್ದೆನೋ, ಕೂತೇ ಇದ್ದೆನೋ ನೆನಪಿಲ್ಲ. ಬಾ, ಕೂಡು ಎಂದೆ. ಗಂಡನ ಊರು ಇದೇ ಎಂದಳು. ಈಗಲೂ ಕುರಿ ಇವೆ, ಸುಗ್ಗಿ ಮುಗಿದ ಮೇಲೆ ಹೋಗುತ್ತಾರೆ, ಆದರೆ ಈ ಮಗಳನ್ನು ಮಾತ್ರ ಅತ್ತೆಯ ಹತ್ತಿರ ಬಿಟ್ಟು ಹೋಗುವುದಾಗಿ ಗಂಡನ ಹತ್ತಿರ ಹಟ ಮಾಡಿದ್ದಾಳಂತೆ. ಅರ್ಜಿಗೆ ಹೆಬ್ಬೆಟ್ಟಿನ ಪ್ಯಾಡು ಮುಂದೆ ಸರಿಸಿದ ಗುಮಾಸ್ತನಿಗೆ, "ನನಗ ಬರಿಯಾಕ ಬರತೈತ್ರಿ," ಎಂದು ಪೆನ್ನು ಇಸಿದುಕೊಂಡು 'ಮಾಳವ್ವ' ಎಂದು ಬರೆದಳು. ಅವೇ ದಪ್ಪ ಅಕ್ಷರ. "ಈ ಸಾರ್ ಕಲಿಸಿದ್ದು," ಎಂದಳು ಅವನಿಗೆ.

ಅರ್ಜಿ ಮುಗಿದ ಮೇಲೂ ಅವಳು ಏಳಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

"ಸಾರ್, ಒಂದು ಮಾತು. ಆವತ್ತು ಪರೀಕ್ಷಿ ದಿನ ನಿಮಗ ಭಾಳ ತ್ರಾಸ ಆಗಿರಬೇಕಲ್ರಿ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಮೊದಲನೇ ಬಸ್ಸಿನ್ಯಾಗ ನೀವು ಇರಲಿಲ್ಲ. ಮುಂದಿನ ಬಸ್ಸಿಗೆ ಬರತೀರಿ ಅಂತ ಕಾದ್ವಿ. ಹೊಲದ ಗೌಡ್ರು ಒದರಾಡಾಕ ಹತ್ತಿದ್ರು, ರಂಟಿ ಹೊಡೀಬೇಕು ಎಬ್ಬಿಸ್ರಿ ಅಂತ. ಅಜ್ಜ ಹೊತ್ತು ನೆತ್ತಿಗೆ ಬರೋತನಕ ಕುರಿ ಹೊಡೀಲಿಲ್ಲ. ಬೈಸಿಕೊಂಡು ನಿಂತಿದ್ದ, ಸಾರ್ ಬರತಾರ ಸಾರ್ ಬರತಾರ ಅಂತ. ಕಡೀಕ ಆಗಲಿಲ್ಲ ಸಾರ್. ಹೋದ್ವಿ. ನೀವು ಆಮ್ಯಾಲೆ ಬಂದು, ನಮ್ಮನ್ನ ಕಾಣದ ಹೊಳ್ಳಿ ಹ್ವಾದ್ರಿ ಅನಸ್ತೈತಿ. ನಾ ಗುರ್ತು ಇಟ್ಟಿದ್ದೆ. ಬರದೂ ಇಟ್ಟಿದ್ದೆ. ಸಣ್ಣಾಕಿ ಇದ್ದೆ ನೋಡ್ರಿ, ತಪ್ಪು ದಾರ್ಯಾಗ ಇಟ್ಟಿರಬೇಕು. ಹೊಳಿ ದಂಡ್ಯಾಗ ಎಂಟು ದಿನ ಕಾದ್ವಿ."

ನಾನು ದಾಖಲಾತಿ ಪುಸ್ತಕದ ಹಾಳೆ ತಿರುವಿದೆ.

"ಅಜ್ಜ ಸಾಯೋತನಕ ಅಂತಿದ್ದ. ಆವತ್ತು ನಾನು ಕುರಿ ಹೊಡೀಬಾರದಿತ್ತು, ಮಾಸ್ತರಿಗೆ ಮಾತು ಕೊಟ್ಟು ತಪ್ಪಿದೆ, ಅವರು ಸಿಟ್ಟಾಗಿ ಬರೋದ ಬಿಟ್ರು ಅಂತ. ಎಲ್ಲೆರ ಸಿಕ್ರ ತಪ್ಪಾತು ಅನ್ನು ಅಂತ ಹೇಳಿದ್ದ." ಅವಳ ಕಣ್ಣು ತುಂಬಿತ್ತು. "ತಪ್ಪಾತ್ರಿ ಸಾರ್. ಅಜ್ಜಂದೂ, ನಂದೂ."

ಗುಮಾಸ್ತ ಆಚೆ ಹೋಗಿದ್ದ. ಕೋಣೆಯಲ್ಲಿ ನಾವು ಮೂವರೇ. ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನು ಬಸ್ಸಿನಲ್ಲೇ ಇದ್ದೆ ಮಾಳವ್ವ, ಎನ್ನಬೇಕು. ಇಷ್ಟೇ ಮಾತು. ಬಾಯಿ ತೆರೆದೆ.

"ಇರಲಿ ಬಿಡವ್ವ," ಎಂದೆ. "ನಾನೇನು ಮನಸಿನ್ಯಾಗ ಇಟಗೊಂಡಿಲ್ಲ."

ಅವಳ ಮುಖ ಎಷ್ಟು ಹಗುರಾಯಿತೆಂದರೆ, ನೋಡಲಾಗಲಿಲ್ಲ. ಮಗಳ ಬೆನ್ನ ಮೇಲೆ ಕೈ ಇಟ್ಟು, "ಸಾರ್ ಕಾಲಿಗೆ ಬೀಳು," ಎಂದಳು. ಮಗು ಬಗ್ಗಿ ನನ್ನ ಚಪ್ಪಲಿ ಮುಟ್ಟಿತು. ಮಾಳವ್ವ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹೊದ್ದುಕೊಂಡು, ನಗುತ್ತ, ಮಳೆಯಲ್ಲಿ ಹೋದಳು.

ಅವಳಿಗೆ ಸಮಾಧಾನವಾಗಲಿ ಎಂದು ಹಾಗೆ ಅಂದೆ ಎಂದು ಈಗ ಹೇಳಿಕೊಂಡು ನೋಡುತ್ತಿದ್ದೇನೆ. ಸುಳ್ಳು. ಅವಳು ನನ್ನ ಕಿಟಕಿಯವರೆಗೆ ಬಂದಿದ್ದಳು, ನಾನು ಮತ್ತೆ ಬಗ್ಗಿದೆ, ಅಷ್ಟೇ.